ಪಂಪ್‌ಸೆಟ್ ಕೇಳಲು ಕೊಂಡ ಮರದ ಇಯರ್‌ಫೋನ್

ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡುವವನು ಕೈಯಿಂದ ದುಡಿಯುತ್ತಾನೆ ಎಂದು ಜನ ತಿಳಿದಿದ್ದಾರೆ. ತಪ್ಪು. ಸ್ಪ್ಯಾನರ್ ತಿರುಗಿಸುವುದನ್ನು ಯಾರಿಗೆ ಬೇಕಾದರೂ ಒಂದು ತಿಂಗಳಲ್ಲಿ ಕಲಿಸಬಹುದು. ಎಲ್ಲಿ ತಿರುಗಿಸಬೇಕು ಎಂದು ಹೇಳುವುದು ಕಿವಿ. ಆಲೂರಿನಿಂದ ಬಿಸಿಲೆಯವರೆಗೆ ನಲವತ್ತು ವರ್ಷ ಓಡಾಡಿ ನಾನು ತಿಂದ ಅನ್ನವೆಲ್ಲ ನನ್ನ ಕಿವಿ ದುಡಿದದ್ದು.

ನನ್ನ ಹತ್ತಿರ ಒಂದು ಕೋಲಿತ್ತು. ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಕಾಂಡದಿಂದ ನಾನೇ ಮಾಡಿಕೊಂಡದ್ದು, ಒಂದೂವರೆ ಗೇಣು ಉದ್ದ. ಓಡುತ್ತಿರುವ ಎಂಜಿನ್ನಿನ ಮೇಲೆ ಅದರ ಒಂದು ತುದಿ ಇಟ್ಟು, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚಿದರೆ ಒಳಗಿನ ಸಂಸಾರವೆಲ್ಲ ಕೇಳುತ್ತದೆ. ಬೇರೆ ಮೆಕ್ಯಾನಿಕ್ಕುಗಳು ಸ್ಕ್ರೂಡ್ರೈವರ್ ಒತ್ತಿ ಕೇಳುತ್ತಾರೆ. ಕಬ್ಬಿಣ ಸಣ್ಣದನ್ನೂ ಕಿರುಚಿ ಹೇಳುತ್ತದೆ. ಮರ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಇದಕ್ಕೆ ಪುರಾವೆ ಕೇಳಬೇಡಿ, ನನ್ನ ಹತ್ತಿರ ಇಲ್ಲ. ಆದರೆ ಆ ಕೋಲು ಹಿಡಿದು ನಾನು ಹೇಳಿದ ಮಾತು ಸುಳ್ಳಾದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ.

ಹೋದ ಮಳೆಗಾಲದಲ್ಲಿ ಒಂದು ಹಳ್ಳದ ದಂಡೆಯಲ್ಲಿ ಕಾಲು ಜಾರಿ ಮಂಡಿ ಮುರಿದುಕೊಂಡೆ. ಆಪರೇಷನ್ ಆಯಿತು. ಡಾಕ್ಟರು ಹಾಳೆಯ ಮೇಲೆ ಏನೇನೋ ಬರೆದು, ಕೊನೆಗೆ ಬಾಯಲ್ಲಿ ಹೇಳಿದ್ದು ಇಷ್ಟೇ: ಇನ್ನು ಇಳಿಜಾರು ಇಳಿಯಬೇಡಿ. ನಮ್ಮ ಕಡೆ ಇಳಿಜಾರು ಇಳಿಯದೆ ಪಂಪ್‌ಸೆಟ್ ರಿಪೇರಿ ಮಾಡುವುದು ಹೇಗೆ? ನೀರು ಇರುವುದು ಕೆಳಗೆ, ತೋಟ ಇರುವುದು ಮೇಲೆ, ಪಂಪು ಇರುವುದು ಎಲ್ಲಕ್ಕಿಂತ ಕೆಳಗೆ, ಜಿಗಣೆಗಳ ಮಧ್ಯೆ.

ಆಗ ಒಂದು ಉಪಾಯ ಹೊಳೆಯಿತು. ಗಿರಾಕಿಗಳಿಗೆ ಹೇಳಿದೆ: ಎಂಜಿನ್ ಸ್ಟಾರ್ಟ್ ಮಾಡಿ, ಮೊಬೈಲನ್ನು ಪಂಪಿನಿಂದ ಒಂದು ಗೇಣು ದೂರ ಹಿಡಿದು, ಸದ್ದು ರೆಕಾರ್ಡ್ ಮಾಡಿ ಕಳಿಸಿ. ನಾನು ಮನೆಯಲ್ಲೇ ಕೂತು ಕೇಳಿ ಫಾಲ್ಟ್ ಹೇಳುತ್ತೇನೆ, ಬಿಚ್ಚುವವರು ಬಿಚ್ಚಿಕೊಳ್ಳಲಿ. ಜನ ಒಪ್ಪಿದರು. ಜನವರಿಯಲ್ಲಿ ಎಲ್ಲರೂ ಪಂಪು ತೊಳೆದು ಓಡಿಸಿ ನೋಡುವ ಕಾಲ. ಮೊದಲ ವಾರದಲ್ಲೇ ನನ್ನ ಮೊಬೈಲಿನ ತುಂಬ ಎಂಜಿನ್ನುಗಳ ಗುಡುಗು.

ಮೊದಲ ವಾರದಲ್ಲೇ ಮರ್ಯಾದೆಯೂ ಹೋಯಿತು.

ಬಿಸಿಲೆ ಕಡೆಯ ಒಬ್ಬರು ಕಳಿಸಿದ ಸದ್ದನ್ನು ಮೊಬೈಲಿನ ಸ್ಪೀಕರಿನಲ್ಲೇ ಕೇಳಿದೆ. ಏನೂ ತೊಂದರೆ ಇಲ್ಲ, ಓಡಿಸಿ ಎಂದೆ. ಎರಡನೆಯ ದಿನಕ್ಕೆ ಎಂಜಿನ್ನು ಕಚ್ಚಿಕೊಂಡು ನಿಂತಿತು. ಬೇರಿಂಗ್ ಹೋಗಿತ್ತು, ಅದರ ಗುರುಗುಟ್ಟುವ ದನಿ ಆ ಬೆರಳಗಲದ ಸ್ಪೀಕರಿನಲ್ಲಿ ಬಂದೇ ಇರಲಿಲ್ಲ. ಇದು ಸ್ಪೀಕರಿನ ತಪ್ಪು ಎಂದುಕೊಂಡು, ಮಗಳು ಹಬ್ಬಕ್ಕೆ ಬಂದಾಗ ತಂದುಕೊಟ್ಟಿದ್ದ ವೈರ್ ಇಲ್ಲದ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡೆ. ಅದರಲ್ಲಿ ಕೇಳಿದರೆ ಪ್ರತಿಯೊಂದು ಎಂಜಿನ್ನೂ ಡೊಳ್ಳು ಬಾರಿಸಿದ ಹಾಗೆ ಗುಡುಗುಡು. ಇನ್ನೊಬ್ಬರಿಗೆ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಿ ಎಂದೆ. ಅವರು ಇಡೀ ಎಂಜಿನ್ ಬಿಚ್ಚಿ ಚಾಪೆಯ ಮೇಲೆ ಹರಡಿ ನೋಡಿದರೆ ಬೇರಿಂಗು ಮದುಮಗನ ಹಾಗೆ ಹೊಳೆಯುತ್ತಿತ್ತಂತೆ. ಸಡಿಲವಾಗಿದ್ದದ್ದು ಎಂಜಿನ್ನನ್ನು ಕೆಳಗಿನ ಕಾಂಕ್ರೀಟಿಗೆ ಬಿಗಿದ ಒಂದು ಬೋಲ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ.

ನನ್ನ ಹತ್ತಿರವೇ ಕೆಲಸ ಕಲಿತು ಈಗ ಸಕಲೇಶಪುರದಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡಿರುವ ಒಬ್ಬನಿದ್ದಾನೆ. ನಲವತ್ತರ ಆಸುಪಾಸಿನವನು, ಒಳ್ಳೆಯ ಕೆಲಸಗಾರ. ನಾನು ಶಿಷ್ಯ ಅನ್ನುತ್ತೇನೆ, ಅವನು ಅಣ್ಣ ಅನ್ನುತ್ತಾನೆ. ಆ ಬಿಚ್ಚಿದ ಎಂಜಿನ್ನನ್ನು ಮತ್ತೆ ಜೋಡಿಸಲು ಹೋದವನು ಅವನೇ. ಅಲ್ಲಿ ಅವನು ಹೇಳಿದ ಮಾತು ನಾಲ್ಕೇ ದಿನಕ್ಕೆ ಆಲೂರಿನ ಕಟಿಂಗ್ ಶಾಪಿನಲ್ಲಿ ನನ್ನ ತಲೆ ಬಗ್ಗಿಸಿ ಕೂರಿಸಿದ್ದ ಕಟಿಂಗಿನವನ ಬಾಯಿಂದ ನನಗೆ ತಲುಪಿತು.

"ನಿಮ್ಮ ಶಿಷ್ಯ ಹೇಳ್ತಿದ್ನಂತೆ ಕಣಣ್ಣೋ. ಅಣ್ಣನ ಕಿವಿ ಹೋಗ್ಬುಟ್ಟೈತೆ, ಪಾಪ, ವಯಸ್ಸಾಯ್ತಲ್ಲ ಅಂತ."

ಬೈದಿದ್ದರೆ ಬೇಜಾರಿರಲಿಲ್ಲ. ಆ ಪಾಪ ಅನ್ನುವ ಮಾತು ಇದೆಯಲ್ಲ, ಅದು ಉರಿಯಿತು. ಅರ್ಧ ಕಟಿಂಗಿನಲ್ಲಿ ಎದ್ದು ಬರುವಷ್ಟು ಸಿಟ್ಟು ಬಂತು. ಅರ್ಧ ತಲೆಯಲ್ಲಿ ಊರೊಳಗೆ ನಡೆದುಹೋಗುವ ಧೈರ್ಯವಿಲ್ಲದೆ ಕೂತಿದ್ದೆ.

ನಿಜ ಹೇಳುತ್ತೇನೆ, ಸಿಟ್ಟಿನ ಕೆಳಗೆ ಇದ್ದದ್ದು ಭಯ. ಮಂಡಿ ಹೋದರೆ ಕೂತು ದುಡಿಯಬಹುದು. ಕಣ್ಣಿಗೆ ಕನ್ನಡಕ ಬಂದಿತ್ತು, ಅದಕ್ಕೂ ಹೊಂದಿಕೊಂಡಿದ್ದೆ. ಕಿವಿ ಹೋದರೆ ನಾನು ಯಾರು? ಮನೆಯಲ್ಲಿ ಕೂತು ಟಿವಿ ನೋಡುವ ಒಬ್ಬ ಮುದುಕ. ಅಷ್ಟೇ.

ನನ್ನ ಹೆಂಡತಿ ಸುತ್ತಿ ಬಳಸಿ ಮಾತಾಡುವವಳಲ್ಲ. "ಹಾಸನಕ್ಕೆ ಹೋಗಿ ಕಿವಿ ಟೆಸ್ಟ್ ಮಾಡಿಸ್ಕಂಡು ಬರಾನ ನಡೀರಿ" ಎಂದಳು.

"ನನ್ನ ಕಿವಿ ಸರಿಯಾಗೇ ಐತೆ. ಈ ಮೊಬೈಲ್ ಸಾಮಾನು ಸರಿ ಇಲ್ಲ."

"ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದಳು. "ಪಕ್ಕದಾಗೆ ನಿಂತು ಮೂರು ಸಲ ಕರದ್ರೂ ನಿಮಗೆ ಕೇಳಲ್ಲ."

"ಅದು ಬೇರೆ. ಅದು ಮದ್ವೆ ಆದಾಗಿಂದ್ಲೂ ಕೇಳಲ್ಲ."

ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ. ಟೆಸ್ಟ್ ಮಾಡಿಸಿ, ಕಿವಿ ಹೋಗಿದೆ ಎಂದು ಹಾಳೆಯಲ್ಲಿ ಬರೆದುಕೊಟ್ಟರೆ ಆ ಹಾಳೆಯನ್ನು ಎಲ್ಲಿ ಇಡಲಿ? ಅದಕ್ಕೆ ನನ್ನದೇ ಒಂದು ಟೆಸ್ಟ್ ಮಾಡಲು ಹೊರಟೆ. ನನ್ನ ಮೊಬೈಲಿನಲ್ಲಿ ಮಂಡಿ ಮುರಿಯುವ ಮುಂಚಿನ ಹಳೆಯ ರೆಕಾರ್ಡಿಂಗುಗಳು ಏಳೆಂಟು ಇದ್ದವು, ನಾನೇ ಸ್ಥಳಕ್ಕೆ ಹೋಗಿ, ಕೋಲಿಟ್ಟು ಕೇಳಿ, ಬಿಚ್ಚಿ ಸರಿ ಮಾಡಿದ ಎಂಜಿನ್ನುಗಳವು. ಯಾವುದರಲ್ಲಿ ಏನು ಫಾಲ್ಟ್ ಎಂದು ನನಗೆ ಖಚಿತವಾಗಿ ಗೊತ್ತು. ಯಾವುದಾದರೂ ಒಂದು ಇಯರ್‌ಫೋನಿನಲ್ಲಿ ಆ ಫಾಲ್ಟುಗಳೆಲ್ಲ ನನಗೆ ಕೇಳಿಸಿದರೆ ಕಿವಿ ಇದೆ ಎಂದರ್ಥ. ಯಾವುದರಲ್ಲೂ ಕೇಳಿಸದಿದ್ದರೆ ಹಾಸನದ ಬಸ್ಸು ಹತ್ತುತ್ತೇನೆ. ಹೆಂಡತಿಗೂ ಹಾಗೆಯೇ ಹೇಳಿದೆ. ಅವಳು ತಲೆಯಾಡಿಸಿ, ಅದನ್ನು ಮರೆಯಬೇಡಿ ಎಂದಳು.

ಯಾವ ಇಯರ್‌ಫೋನ್ ಎನ್ನುವುದರ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಮರದ್ದು. ಮರದಲ್ಲಿ ಮಾಡಿದವೂ ಬರುತ್ತವೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು, ಸಾವಿರದ ಒಳಗೇ ಸಿಗುತ್ತವೆ ಎಂದೂ ಹೇಳಿದ್ದಳು. ಅಷ್ಟು ಸಾಕಾಯಿತು. ವೈರ್ ಇರಲೇಬೇಕು ಎಂದು ನಾನೇ ಸೇರಿಸಿಕೊಂಡೆ. ಹಗ್ಗ ಕಟ್ಟಿದ ಹಸು ಎಲ್ಲಿದೆ ಎಂದು ಗೊತ್ತಿರುತ್ತದೆ. ವೈರ್ ಇಲ್ಲದ್ದು ಕೆಲಸದ ಮಧ್ಯೆ ಚಾರ್ಜ್ ಮುಗಿದು ಬಾಯಿ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಸೋಫಾದ ಸಂದಿಗೆ ಹೋಗುತ್ತದೆ. ನನ್ನ ಮೊಬೈಲು ಹಳೆಯದು, ವೈರ್ ಚುಚ್ಚುವ ದುಂಡು ತೂತು ಇನ್ನೂ ಇದೆ.

ಸಕಲೇಶಪುರದ ಮೇನ್ ರೋಡಿನಲ್ಲಿ ಗಂಡ ಹೆಂಡತಿ ನಡೆಸುವ ಒಂದು ಮೊಬೈಲ್ ಅಂಗಡಿಗೆ ಹೋದೆ. ಗಂಡ ಇರಲಿಲ್ಲ, ಹೆಂಡತಿ ಇದ್ದರು. ಮೂವತ್ತು ವರ್ಷ ಇರಬಹುದು, ಚುರುಕು. ಮರದ್ದು ಬೇಕು ಎಂದಾಗ ಒಂದು ಕ್ಷಣ ನನ್ನ ಮುಖ ನೋಡಿ, ಒಳಗಿನ ಶೆಲ್ಫಿನಿಂದ ಮೂರು ಡಬ್ಬಿ ತಂದಿಟ್ಟರು.

ಮೊದಲನೆಯದನ್ನು ಕೈಗೆ ತಗೊಂಡ ಕೂಡಲೇ ಅನುಮಾನ. ತೂಕ ಇಲ್ಲ, ತಣ್ಣಗಿದೆ. ಮೂಸಿ ನೋಡಿದೆ. ಉಗುರಿನಿಂದ ಕೆರೆದೆ.

"ಅಯ್ಯೋ ಅಂಕಲ್, ಕೆರಿಬೇಡಿ!"

ಕೆರೆದಲ್ಲಿ ಮರದ ಚಿತ್ರದ ಸ್ಟಿಕ್ಕರು ಎದ್ದು ಕೆಳಗಿನ ಪ್ಲಾಸ್ಟಿಕ್ ಕಂಡಿತು. ಬೆಳ್ಳಗಿರುವುದೆಲ್ಲ ಹಾಲಲ್ಲ, ಕಂದುಬಣ್ಣದ್ದೆಲ್ಲ ಮರವಲ್ಲ. ಅದನ್ನು ಅವರ ಕಡೆ ತಿರುಗಿಸಿ ತೋರಿಸಿದೆ. ಅವರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎಂದು ಮುಖವೇ ಹೇಳಿತು. ಡಬ್ಬಿಯನ್ನು ಮುಚ್ಚಿ ಕೌಂಟರಿನ ಕೆಳಗೆ ಹಾಕಿದರು.

ಎರಡನೆಯದು ನಿಜವಾದ ಮರ. ಬೀಟೆಯ ಹಾಗೆ ಕಪ್ಪು, ಕೈಯಲ್ಲಿ ಭಾರ, ಗೆರೆಗಳು ನೋಡಲು ಚಂದ. ನನ್ನ ಮನಸ್ಸು ಅಲ್ಲೇ ಕೂತುಬಿಟ್ಟಿತು. ಮೂರರಲ್ಲಿ ಅದರ ಬೆಲೆಯೇ ಹೆಚ್ಚು, ಇರಲಿ ಎಂದುಕೊಂಡೆ. ಮೊಬೈಲಿಗೆ ಚುಚ್ಚಿ, ನನ್ನ ಒಂದು ರೆಕಾರ್ಡಿಂಗ್ ಹಾಕಿ, ಇಯರ್‌ಫೋನನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕಣ್ಣು ಮುಚ್ಚಿದೆ.

ಏನೂ ಇಲ್ಲ. ದೂರದಲ್ಲಿ ಸೊಳ್ಳೆ ಹಾರಿದ ಹಾಗೆ ಒಂದು ಸದ್ದು, ಅಷ್ಟೇ. ಇನ್ನೂ ಗಟ್ಟಿಯಾಗಿ ಒತ್ತಿದೆ. ಶಿಷ್ಯ ಹೇಳಿದ್ದೇ ನಿಜ, ಕಿವಿ ಹೋಗೇಬಿಟ್ಟಿದೆ ಎಂದುಕೊಂಡೆ.

"ಇದು ಸತ್ತೋಗೈತೆ ಕಣಮ್ಮ" ಎಂದೆ, ನನ್ನ ದನಿಯೇ ನನಗೆ ಸಣ್ಣದಾಗಿ ಕೇಳಿತು.

"ಅಂಕಲ್" ಎಂದರು ಅವರು ತುಂಬ ಮರ್ಯಾದೆಯಿಂದ, "ಅದನ್ನ ಕಿವಿ ಒಳಗೆ ಹಾಕ್ಕಬೇಕು. ಹಿಂದ್ಗಡೆ ಅಲ್ಲ."

ಚಾರ್ಜರ್ ಕೊಳ್ಳಲು ಬಂದು ನಿಂತಿದ್ದ ಇಬ್ಬರು ಗೋಡೆಯ ಕಡೆ ತಿರುಗಿ ನಕ್ಕರು. ನಗಲಿ. ನಲವತ್ತು ವರ್ಷ ಕೋಲನ್ನು ಮೂಳೆಗೆ ಒತ್ತಿದ ಕೈ, ಮರ ಸಿಕ್ಕ ಕೂಡಲೇ ತಾನಾಗಿ ಅಲ್ಲಿಗೇ ಹೋಗಿತ್ತು. ಮಗಳು ಕೊಟ್ಟದ್ದನ್ನು ಸರಿಯಾಗಿಯೇ ಕಿವಿಯೊಳಗೆ ಹಾಕಿಕೊಂಡಿದ್ದೆ, ಅದು ಪ್ಲಾಸ್ಟಿಕ್ ಅಲ್ಲವೇ? ಮರದ್ದು ಎಂದಾಗ ಬುದ್ಧಿ ಕೆಟ್ಟಿತು.

ಒಳಗೆ ಹಾಕಿಕೊಂಡೆ. ಕೇಳಿತು, ಚೆನ್ನಾಗಿಯೇ ಕೇಳಿತು, ಅತಿಯಾಗಿ ಕೇಳಿತು. ಮಗಳು ಕೊಟ್ಟದ್ದರ ಹಾಗೆಯೇ ಎಲ್ಲ ಎಂಜಿನ್ನೂ ಡೊಳ್ಳು. ವಾಲ್ವ್ ಎತ್ತುವ ಟ್ಯಾಪೆಟ್ ಸಡಿಲವಾಗಿ ಟಿಕಿಟಿಕಿ ಅನ್ನುತ್ತಿದ್ದ ಒಂದು ಎಂಜಿನ್ ನನಗೆ ಚೆನ್ನಾಗಿ ನೆನಪಿದೆ. ಇದರಲ್ಲಿ ಆ ಟಿಕಿಟಿಕಿ ಗುಡುಗಿನಡಿ ಹೂತುಹೋಗಿತ್ತು. ಜೊತೆಗೆ ಅದರ ಭಾರಕ್ಕೆ ಕತ್ತು ತಿರುಗಿಸಿದರೆ ಸಾಕು, ಕಿವಿಯಿಂದ ಜಾರಿ ಬೀಳುತ್ತಿತ್ತು. ಆದರೂ ಕೈಬಿಡಲು ಮನಸ್ಸಿಲ್ಲ. ಅಷ್ಟು ಒಳ್ಳೆಯ ಮರ ಸುಳ್ಳು ಹೇಳುತ್ತದೆಯೇ? ಎರಡು ಸಲ, ಮೂರು ಸಲ ಕೇಳಿದೆ. ಹೇಳುತ್ತದೆ. ಒಪ್ಪಿಕೊಳ್ಳಲು ಕಷ್ಟವಾಯಿತು, ಒಪ್ಪಿಕೊಂಡೆ.

ಮೂರನೆಯದನ್ನು ಅವರೇ ಹಿಂದೆ ಸರಿಸುತ್ತಿದ್ದರು. "ಇದನ್ನ ಯಾರೂ ತಗಳಲ್ಲ ಅಂಕಲ್. ಹಾಡು ಹಾಕಿದ್ರೆ ಸಪ್ಪೆ. ಬೇಸೇ ಇಲ್ಲ ಅಂತ ವಾಪಸ್ ತಂದು ಕೊಡ್ತಾರೆ."

ನೋಡಲು ನಿಜಕ್ಕೂ ಬಡಪಾಯಿ. ಮಾಸಲು ಹಳದಿ ಬಣ್ಣ, ಹಗುರ, ಮೇಲಿನ ವಾರ್ನಿಷ್ ಒಂದು ಕಡೆ ದಪ್ಪ ಒಂದು ಕಡೆ ತೆಳು. ಮೂರರಲ್ಲಿ ಬೆಲೆಯೂ ಅದರದ್ದೇ ಕಡಿಮೆ. ಮೂಸಿ ನೋಡಿದೆ, ಮರವೇ. ಯಾವ ಮರ ಎಂದು ಗೊತ್ತಾಗಲಿಲ್ಲ. ಹಲಸಲ್ಲ, ಸಿಲ್ವರ್ ಓಕ್ ಅಲ್ಲ, ಹೊನ್ನೆಯಂತೂ ಅಲ್ಲವೇ ಅಲ್ಲ. ಇಷ್ಟು ವರ್ಷ ತೋಟಗಳಲ್ಲಿ ತಿರುಗಿದ ನನಗೆ ಅದು ಯಾವ ಮರ ಎಂದು ಇವತ್ತಿಗೂ ಗೊತ್ತಾಗಿಲ್ಲ, ಆ ಸಿಟ್ಟು ಇನ್ನೂ ಇದೆ.

ಅದರ ತುದಿಯ ರಬ್ಬರು ನನ್ನ ಕಿವಿಗೆ ಸಡಿಲವಾಯಿತು. ಅವರು ಡಬ್ಬಿಯಿಂದ ದೊಡ್ಡ ಸೈಜಿನದನ್ನು ತೆಗೆದು ಹಾಕಿಕೊಟ್ಟರು. ಅದು ಕಿವಿಯೊಳಗೆ ಕೂತ ಕೂಡಲೇ ಮೇನ್ ರೋಡಿನ ಲಾರಿಗಳೆಲ್ಲ ಎಲ್ಲೋ ದೂರ ಹೋದವು. ರೆಕಾರ್ಡಿಂಗ್ ಒತ್ತಿದೆ.

ಟಿಕಿ ಟಿಕಿ ಟಿಕಿ.

ಟ್ಯಾಪೆಟ್ಟು! ಎಂಜಿನ್ನಿನ ಗುಡುಗು ಎಷ್ಟಿರಬೇಕೋ ಅಷ್ಟು, ಅದರ ಮೇಲೆ ಟ್ಯಾಪೆಟ್ಟು ಬೇರೆಯಾಗಿ. ಮುಂದಿನದು ಹಾಕಿದೆ: ಬೇರಿಂಗಿನ ಗುರುಗುರು, ಇದ್ದಷ್ಟೇ. ಅದರ ಮುಂದಿನದು: ಎಂಜಿನ್ನನ್ನು ಪಂಪಿಗೆ ಜೋಡಿಸುವ ಕಪ್ಲಿಂಗಿನ ರಬ್ಬರು ಸವೆದು ಲಟಕ್ ಲಟಕ್. ಒಂದರಲ್ಲಿ ಎಂಜಿನ್ನಿನ ಹಿಂದೆ ಯಾರೋ ಕೆಮ್ಮಿದ್ದೂ ಕೇಳಿತು. ಅಷ್ಟನ್ನೂ ಕೇಳಿದೆ, ಅಷ್ಟೂ ಸರಿ. ನನ್ನ ಕಿವಿ ಎಲ್ಲೂ ಹೋಗಿರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

"ಇದೇ ಕೊಡಮ್ಮ" ಎಂದೆ.

"ಒಂದು ಹಾಡಾದ್ರೂ ಕೇಳಿ ನೋಡಿ ಅಂಕಲ್. ಆಮೇಲೆ ಸರಿ ಇಲ್ಲ ಅಂತ ನನ್ನ ಬೈಬೇಡಿ."

"ನನಗೆ ಹಾಡು ಬ್ಯಾಡ. ನಾನು ಕೇಳಾದೆಲ್ಲ ರೋಗ."

ಅವರು ಬಿಲ್ ಬರೆಯುತ್ತಾ ನಕ್ಕರು. ಮರದಿಂದಾಗಿ ಅದು ನಿಜ ಹೇಳಿತೋ, ಒಳಗಿನ ಸಾಮಾನನ್ನು ಯಾರೋ ಕಡಿಮೆ ಆಸೆಯವರು ಮಾಡಿದ್ದರಿಂದ ನಿಜ ಹೇಳಿತೋ, ನನಗೆ ತಿಳಿಯದು. ಎರಡನೆಯ ಕಾರಣವೇ ಇರಬೇಕು. ನಾನಂತೂ ಮನೆಗೆ ಬಂದು ಹೆಂಡತಿಯ ಮುಂದೆ, ನೋಡು, ಮರ ಅಂದರೆ ಮರ ಎಂದೆ. ಅವಳು ಅದನ್ನು ತಿರುಗಿಸಿ ನೋಡಿ, "ನಿಮ್ಮ ಕಿವಿ ಸರಿ ಐತೆ ಅಂತ ನಿಮಗೆ ಗೊತ್ತಾಯ್ತು. ಊರಿಗೆ ಯಾರು ಹೇಳ್ತಾರೆ?" ಎಂದಳು.

ಅದು ಸರಿಯಾದ ಪ್ರಶ್ನೆ. ಫೆಬ್ರವರಿ ಪೂರ್ತಿ ನನ್ನ ಮೊಬೈಲು ಸುಮ್ಮನಿತ್ತು. ಜನ ಶಿಷ್ಯನನ್ನೇ ಕರೆಯುತ್ತಿದ್ದರು.

ಮಾರ್ಚ್ ಶುರುವಿನಲ್ಲಿ ಒಂದು ಬೆಳಿಗ್ಗೆ ಹೊಂಗಡಹಳ್ಳದ ಕಡೆಯ ಒಬ್ಬ ಹೆಂಗಸು ಫೋನ್ ಮಾಡಿದರು. ಸಣ್ಣ ತೋಟ, ಎಲ್ಲ ರೊಬಸ್ಟಾ ಕಾಫಿ, ತಾವೇ ನಿಂತು ಮಾಡಿಸುವವರು. ಅವರ ಪಂಪಿಗೆ ಮೊದಲಿನಿಂದ ನಾನೇ ಡಾಕ್ಟರು. ರೊಬಸ್ಟಾಕ್ಕೆ ಆ ಹೊತ್ತಿಗೆ ಒಂದು ನೀರು ಬೀಳಬೇಕು. ಮೊಗ್ಗು ಕಟ್ಟಿ ಕಾಯುತ್ತಿರುತ್ತದೆ. ನೀರು ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ಹೂ, ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕಪ್ಪಾಗಿ, ವರ್ಷದ ಬೆಳೆ ಅಲ್ಲಿಗೆ ಮುಗಿಯಿತು. ಮಳೆಯ ಸುಳಿವಿರಲಿಲ್ಲ. ಅವರ ತೋಟದ ಕೆಳಗೆ ಹರಿಯುವ ಹಳ್ಳದ ನೀರನ್ನು ನಾಲ್ಕು ಮನೆಯವರು ಸರದಿಯ ಮೇಲೆ ಎತ್ತುತ್ತಾರೆ, ಒಬ್ಬೊಬ್ಬರಿಗೆ ಮೂರು ದಿನ. ಸರದಿ ತಪ್ಪಿದರೆ ಮುಂದಿನವರು ಪಂಪು ಇಡುತ್ತಾರೆ, ಅದು ಅಲ್ಲಿಯ ಕಟ್ಟುಪಾಡು. ಎಲ್ಲರ ಸರದಿ ಮುಗಿದು ಮತ್ತೆ ಬರುವಷ್ಟರಲ್ಲಿ ಹಳ್ಳದಲ್ಲಿ ನೀರೂ ಇರುವುದಿಲ್ಲ, ಗಿಡದಲ್ಲಿ ಮೊಗ್ಗೂ ಇರುವುದಿಲ್ಲ.

"ಮಾರಾಯ್ರೆ, ಇವತ್ತಿಂದ ನನ್ನ ಸರದಿ. ಪಂಪು ಗರಗರ ಅಂತೈತೆ, ಮೇಲಿನ ಸ್ಪ್ರಿಂಕ್ಲರ್ ಜೆಟ್ಟಿಗೆ ನೀರು ಏರ್ತಾ ಇಲ್ಲ" ಎಂದರು. "ನಿಮ್ಮ ಶಿಷ್ಯ ಬಂದವ್ನೆ. ಪಂಪಿನ ಬೇರಿಂಗ್ ಹೋಗೈತೆ, ಬಿಚ್ಚಿ ಸಕಲೇಶಪುರಕ್ಕೆ ತಗಂಡೋಗ್ಬೇಕು, ನಾಡಿದ್ದು ಸಿಗ್ತೈತೆ ಅಂತಾನೆ. ನಾಡಿದ್ದು ಸಿಕ್ಕಿ ನನಗೇನು ಬಂತು? ಬಿಚ್ಚಾಕೆ ಮುಂಚೆ ನೀವೊಂದು ಸಲ ಕೇಳಿ."

"ನನ್ನ ಕಿವಿ ಹೋಗೈತೆ ಅಂತಾರಲ್ಲ ಅಮ್ಮಾವ್ರೆ" ಎಂದೆ. ಬಾಯಿಗೆ ಬಂತು, ತಡೆಯಲಿಲ್ಲ.

"ಹೋಗೈತೋ ಇಲ್ವೋ ಇವತ್ತು ಗೊತ್ತಾಗ್ತೈತೆ. ಕಳಿಸ್ತೀನಿ ತಡೀರಿ."

ಹಳ್ಳದಲ್ಲಿ ನೆಟ್‌ವರ್ಕ್ ಇಲ್ಲ. ಅವರು ಕೆಳಗಿಳಿದು ರೆಕಾರ್ಡ್ ಮಾಡಿ, ಮತ್ತೆ ದಿಬ್ಬ ಹತ್ತಿ ಕಳಿಸಬೇಕು. ನಾನು ಜಗಲಿಯಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡು ಕಾದೆ. ಬಂತು. ಒತ್ತಿದೆ.

ಎಂಜಿನ್ನು ಆರೋಗ್ಯವಾಗಿದೆ. ಪಂಪಿನೊಳಗೆ ಗರಗರ, ಡಬ್ಬಿಯಲ್ಲಿ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ನನ್ನ ನಾಲಿಗೆಯೂ ಬೇರಿಂಗ್ ಅನ್ನಲು ತಯಾರಾಗಿತ್ತು. ಶಿಷ್ಯನನ್ನು ಬೈಯುವಂತಿರಲಿಲ್ಲ, ಹತ್ತರಲ್ಲಿ ಒಂಬತ್ತು ಜನ ಅದನ್ನೇ ಹೇಳುತ್ತಾರೆ. ಆದರೆ ಎರಡನೆಯ ಸಲ ಕೇಳುವಾಗ ಒಂದು ಗಮನಿಸಿದೆ. ಬೇರಿಂಗಿನ ಸದ್ದು ಎಂಜಿನ್ನಿನ ತಾಳಕ್ಕೆ ಸುತ್ತುತ್ತದೆ, ಸುತ್ತಿಗೊಂದು ಸಲ ಬಂದೇ ಬರುತ್ತದೆ. ಈ ಜಲ್ಲಿಗೆ ತಾಳವಿರಲಿಲ್ಲ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ತನಗೆ ಬೇಕಾದ ಹಾಗೆ. ನೀರು ಸಾಲದೆ ಪಂಪು ಬಾಯಿ ಒಣಗಿ ಒದ್ದಾಡುವಾಗ ಬರುವ ಸದ್ದು ಅದು.

ಖಾತ್ರಿ ಮಾಡಿಕೊಳ್ಳಲು ಒಂದು ದಾರಿ ಇತ್ತು. ಫೋನ್ ಮಾಡಿ ಹೇಳಿದೆ: "ನೀರು ಮೇಲಕ್ಕೆ ಹೋಗೋ ಪೈಪಿನ ವಾಲ್ವ್ ಐತಲ್ಲ, ಅದನ್ನ ಅರ್ಧ ಮುಚ್ಚಿ, ಇನ್ನೊಂದು ಸಲ ರೆಕಾರ್ಡ್ ಮಾಡಿ." ವಾಲ್ವ್ ಮುಚ್ಚಿದರೆ ಪಂಪು ಎಳೆಯುವ ನೀರು ಕಡಿಮೆಯಾಗುತ್ತದೆ, ಬರುವಷ್ಟೇ ಅದಕ್ಕೆ ಸಾಕಾಗುತ್ತದೆ. ನೀರು ಸಾಲದ್ದೇ ಕಾಯಿಲೆಯಾಗಿದ್ದರೆ ಗರಗರ ತಗ್ಗಬೇಕು. ಬೇರಿಂಗ್ ಹೋಗಿದ್ದರೆ ಅದು ಯಾವ ವಾಲ್ವಿನ ಮಾತನ್ನೂ ಕೇಳುವುದಿಲ್ಲ.

ಅವರು ಮತ್ತೆ ಇಳಿದು, ಮತ್ತೆ ಹತ್ತುವವರೆಗೆ ಅರ್ಧ ಗಂಟೆ. ಹೆಂಡತಿ ಕಾಫಿ ತಂದಿಟ್ಟು, ಒಳಗೆ ಹೋಗದೆ ಬಾಗಿಲಿಗೆ ಒರಗಿ ನಿಂತಳು. ಕಾಫಿ ಆರಿತು.

ಎರಡನೆಯ ರೆಕಾರ್ಡಿಂಗ್ ಬಂತು. ಶುರುವಿನಲ್ಲಿ ಜಲ್ಲಿ. ಯಾರೋ ವಾಲ್ವ್ ತಿರುಗಿಸುವ ಕಿರಕ್ ಕಿರಕ್. ಆಮೇಲೆ ಜಲ್ಲಿ ತೆಳುವಾಯಿತು, ಇನ್ನೂ ತೆಳುವಾಯಿತು, ನಿಂತಿತು. ಪಂಪು ನುಣ್ಣಗೆ ಓಡುತ್ತಿತ್ತು.

ಮೂರು ಸಲ ಕೇಳಿ ಫೋನ್ ಮಾಡಿದೆ. ಈ ಸಲ ದಿಬ್ಬದ ಮೇಲೆ ಶಿಷ್ಯನೂ ಅವರ ಜೊತೆಗಿದ್ದ, ಅವನೇ ಮಾತಾಡಿದ.

"ಪಂಪಿಗೆ ಕೈ ಹಾಕ್ಬ್ಯಾಡ ಕಣೋ" ಎಂದೆ. "ಬೇರಿಂಗ್ ಸರಿಯಾಗೈತೆ. ನೀರೊಳಗಿರೋ ಪೈಪ್ ಎತ್ತು. ತುದೀಲಿರೋ ಜಾಲರಿಗೆ ಏನೋ ಸುತ್ಕಂಡೈತೆ."

"ಅಣ್ಣ, ನಾನು ಪೈಪ್ ನೋಡಿದ್ನಲ್ಲ, ಜಾಲರಿ ನೀರೊಳಗೇ ಐತೆ."

"ನೀರೊಳಗಿರಾದು ನೋಡಿದೀಯ. ಜಾಲರಿ ನೋಡಿಲ್ಲ. ಎತ್ತು."

"ಇಲ್ಲೇ ನಿಂತು ಕೇಳಿದೀನಿ ಅಣ್ಣ ನಾನು, ಸ್ಕ್ರೂಡ್ರೈವರ್ ಇಟ್ಟು. ನೀವು ಆಲೂರಾಗೆ ಕೂತು ಮೊಬೈಲಾಗೆ ಕೇಳಿ..."

"ಮೊದ್ಲು ಎತ್ತು. ಏನೂ ಇಲ್ದಿದ್ರೆ ಇನ್ನು ಜೀವಮಾನದಲ್ಲಿ ಯಾರ ಪಂಪಿನ ಬಗ್ಗೇನೂ ಬಾಯಿ ಬಿಡಲ್ಲ ನಾನು."

ಫೋನ್ ಇಟ್ಟ ಮೇಲೆ ಗೊತ್ತಾಯಿತು, ಏನು ಮಾತಾಡಿದೆ ಎಂದು. ಹೆಂಡತಿಯೂ ಕೇಳಿಸಿಕೊಂಡಿದ್ದಳು. "ಅಷ್ಟೊಂದು ಯಾಕೆ ಹೇಳಾಕೆ ಹೋದ್ರಿ?" ಎಂದಳು ಮೆಲ್ಲಗೆ. ಅವಳು ನನ್ನ ಪಕ್ಕದಲ್ಲೇ ಕೂತಳು. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು. ಮುಕ್ಕಾಲು ಗಂಟೆ ಕಳೆಯಿತು. ಒಂದು ಗಂಟೆ ಆಗುತ್ತಾ ಬಂತು. ಬೇರಿಂಗೇ ಇದ್ದಿರಬಹುದೇ ಎಂಬ ಹುಳ ನಿಧಾನಕ್ಕೆ ಕೊರೆಯತೊಡಗಿತು. ಆಗ ಫೋನ್ ಬಡಿದುಕೊಂಡಿತು.

"ಅಣ್ಣ" ಎಂದ ಶಿಷ್ಯ. ಏದುಸಿರು ಬಿಡುತ್ತಿದ್ದ, ದಿಬ್ಬ ಓಡಿ ಹತ್ತಿದ್ದ. "ಗೋಣಿಚೀಲ."

"ಏನಂದೆ? ಇನ್ನೊಂದ್ಸಲ ಹೇಳು."

"ಗೋಣಿಚೀಲ ಅಣ್ಣ! ಮೇಲಿಂದ ತೇಲ್ಕಂಡು ಬಂದು ಜಾಲರಿಗೆ ಅರ್ಧ ಸುತ್ಕಂಡಿತ್ತು. ತೆಗೆದು, ಪೈಪಿಗೆ ನೀರು ತುಂಬಿ ಸ್ಟಾರ್ಟ್ ಮಾಡಿದೆ. ಜೆಟ್ ಮೇಲಿನ ಸಾಲಿಗಂಟ ಹೊಡಿತೈತೆ."

ಮೊದಲ ಸಲವೇ ನನಗೆ ಸ್ಪಷ್ಟವಾಗಿ ಕೇಳಿತ್ತು. ಎರಡನೆಯ ಸಲ ಹೇಳಿಸಿದ್ದು ಬರೀ ಆಸೆಗೆ. ದೊಡ್ಡವರು ಗೆದ್ದಾಗ ಸುಮ್ಮನಿರಬೇಕು ಅನ್ನುತ್ತಾರೆ, ನನ್ನ ಕೈಯಲ್ಲಿ ಆಗಲಿಲ್ಲ. ಮಂಡಿ ಮರೆತು ಎದ್ದು ನಿಂತೆ, ಜೋರಾಗಿ ನಕ್ಕೆ, ಹೆಂಡತಿಯ ಕಡೆ ನೋಡಿ ಗೋಣಿಚೀಲ ಕಣೇ ಎಂದು ಪಕ್ಕದ ಮನೆಗೂ ಕೇಳುವ ಹಾಗೆ ಕೂಗಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಆರಿದ ಕಾಫಿಯನ್ನು ಬಿಸಿ ಮಾಡಲು ಒಳಗೆ ಹೋದಳು.

ಶಿಷ್ಯ ಇನ್ನೂ ಫೋನಿನಲ್ಲೇ ಇದ್ದ. "ಅಣ್ಣ, ಅವತ್ತು ನಿಮ್ಮ ಕಿವಿ ಬಗ್ಗೆ ನಾನಂದ ಮಾತು ನಿಮಗೆ ಬಂದಿರ್ಬೇಕು" ಎಂದ.

"ಬಂದೈತೆ. ಚೆನ್ನಾಗಿ ಕೇಳ್ತು."

"ತಪ್ಪಾಯ್ತು."

"ಆ ಪಾಪ ಅಂದ್ಯಲ್ಲ, ಅದನ್ನ ವಾಪಸ್ ತಗ. ಮಿಕ್ಕಿದ್ದು ಇರ್ಲಿ" ಎಂದೆ.

ಅವನು ನಕ್ಕ. ಆ ವಾರ ಅವನೇ ನನಗೆ ಎರಡು ರೆಕಾರ್ಡಿಂಗ್ ಕಳಿಸಿದ, ಯಾವುದರ ಜೊತೆಗೂ ಒಂದು ಮಾತೂ ಬರೆಯದೆ. ನಾನೂ ಏನೂ ಕೊಚ್ಚಿಕೊಳ್ಳದೆ ಉತ್ತರ ಹೇಳಿದೆ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸ್ ಬಂದರು. ಹಾಸನದ ಬಸ್ಸಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಅದಾಗಿ ಹತ್ತನೆಯ ದಿನ, ಬಿಸಿಲೇರುವ ಹೊತ್ತಿಗೆ, ಹೊಂಗಡಹಳ್ಳದಿಂದ ಆ ಅಮ್ಮಾವ್ರ ಒಂದು ರೆಕಾರ್ಡಿಂಗ್ ಬಂತು. ಪಂಪು ಮತ್ತೆ ಕೈಕೊಟ್ಟಿತೋ ಎಂದು ಗಾಬರಿಯಾಗಿ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಎಂಜಿನ್ನಿನ ಸದ್ದೇ ಇಲ್ಲ. ಒಣಗಿದ ಎಲೆ ತುಳಿದು ನಡೆಯುವ ಸದ್ದು, ಅದರ ಸುತ್ತ ಒಂದೇ ಸಮನೆ ಗುಂಯ್ ಎನ್ನುವ ಮೊರೆತ. ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರ ದನಿ ಬಂತು: "ಹೂ ಬಂದೈತೆ ಮಾರಾಯ್ರೆ, ತೋಟ ಎಲ್ಲ ಬೆಳ್ಳಗೆ. ಎಷ್ಟು ಜೇನು ಅಂತ ಕೇಳಿ. ಎಲ್ಲಾದ್ರಾಗೂ ಫಾಲ್ಟ್ ಹುಡುಕ್ತೀರಲ್ಲ, ಇದ್ರಾಗೆ ಏನು ಫಾಲ್ಟ್ ಐತೆ ಹೇಳಿ ನೋಡಾನ!"

ಜಗಲಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದೆ. ಸಾವಿರ ಸಾವಿರ ಜೇನು, ಸಾಲಿನಿಂದ ಸಾಲಿಗೆ, ಅವರು ನಡೆದಷ್ಟೂ ದೂರ. ಇದರಲ್ಲಿ ನನ್ನದೂ ಒಂದು ಕೈ ಇದೆ ಎಂದುಕೊಂಡೆ. ಪೂರ್ತಿ ಕೇಳಿ ಮುಗಿಸಿ, ಮತ್ತೆ ಒಂದು ಸಲ ಮೊದಲಿನಿಂದ ಕೇಳಿ, ಫೋನ್ ಮಾಡಿದೆ.

"ಅಮ್ಮಾವ್ರೆ, ತೋಟ ಭರ್ಜರಿಯಾಗೈತೆ. ಒಂದೇ ಒಂದು ಮಾತು. ಕೊನೇಲಿ ನೀವು ದಿಬ್ಬ ಹತ್ತಿ ಎಡಕ್ಕೋ ಬಲಕ್ಕೋ ತಿರುಗಿದ್ರಲ್ಲ, ಉಸಿರು ಜೋರಾದ ಮೇಲೆ. ಅಲ್ಲಿ ಜೇನು ಅರ್ಧಕ್ಕರ್ಧ ಕಮ್ಮಿಯಾಗೈತೆ, ಅಂದ್ರೆ ಹೂವೂ ಕಮ್ಮಿ. ಆ ಮೂಲೇಲಿ ಜೆಟ್ ಸರಿಯಾಗಿ ತಿರುಗಿಲ್ಲ, ನೀರು ಬಿದ್ದಿಲ್ಲ. ಬರೋ ವರ್ಷದ ಸರದಿಗೆ ಮುಂಚೆ ಅದನ್ನ ನೋಡಿಸಿ."

ಆ ಕಡೆ ಅವರ ದನಿ ಏರಿತು.

"ಮೇಲಿನ ಮೂಲೆ. ಹೌದು, ಅಲ್ಲಿ ಜೆಟ್ ಕಚ್ಕಂಡಿತ್ತು. ನಾನು ಯಾರಿಗೂ ಹೇಳಿಲ್ಲ ಮಾರಾಯ್ರೆ, ನಿಮಗೆ ಹೆಂಗೆ ಗೊತ್ತಾಯ್ತು?"

"ಕೇಳಿಸ್ತು" ಎಂದೆ.